ಫ್ರೀನೋಡ್ ಯಾರದು? ಒಂದು ಚಾಟ್ ಜಾಲ ಒಡೆದ ಪ್ರಕರಣ

2021ರ ಮೇ 26ರಂದು ಫ್ರೀನೋಡ್ ಎಂಬ ಚಾಟ್ ಜಾಲದಲ್ಲಿ 700ಕ್ಕೂ ಹೆಚ್ಚು ಚಾನೆಲ್‌ಗಳು, ಅಂದರೆ ಹರಟೆ ಕೋಣೆಗಳು, ಒಂದೇ ಏಟಿಗೆ ಕೈ ಬದಲಾದವು. ವರ್ಷಗಟ್ಟಲೆ ಚಾನೆಲ್ ನಡೆಸಿದವರ ಅಧಿಕಾರ ಹೋಯಿತು. ಒಳಗೆ ಬರುವವರನ್ನು ಬೇರೊಂದು ಚಾನೆಲ್‌ಗೆ ದಾಟಿಸುವ ಏರ್ಪಾಡಾಯಿತು. ಅವರು ಮಾಡಿದ ತಪ್ಪೇನು? ಚಾನೆಲ್‌ನ ಟಾಪಿಕ್‌ನಲ್ಲಿ ‘ಲಿಬೆರಾ’ ಎಂಬ ಪ್ರತಿಸ್ಪರ್ಧಿ ಜಾಲದ ಹೆಸರಿತ್ತು. ಅಷ್ಟೇ.

ಟಾಪಿಕ್ ಅಂದರೆ ಚಾನೆಲ್‌ನ ನೆತ್ತಿಯ ಮೇಲೆ ಕಾಣುವ ಒಂದು ಸಾಲು. ಮನೆ ಖಾಲಿ ಮಾಡಿದವರು ‘ನಾವೀಗ ಇಂಥ ಕಡೆ ಇದ್ದೇವೆ’ ಎಂದು ಬಾಗಿಲಿಗೆ ಚೀಟಿ ಅಂಟಿಸಿ ಹೋಗುತ್ತಾರಲ್ಲ, ಹಾಗೆ ಅನ್ನಿ. ಅಂಥ ಚೀಟಿ ಕಂಡ ಮನೆಗಳಿಗೆಲ್ಲ ಅಂದು ಹೊಸ ಬೀಗ ಬಿತ್ತು. ಖಾಲಿ ಮಾಡಿದ್ದಾರೋ, ಇನ್ನೂ ಒಳಗೇ ಇದ್ದಾರೋ ಎಂದು ಯಾರೂ ನೋಡಲಿಲ್ಲ.

ಜಾಲ ನಡೆಸುತ್ತಿದ್ದ ಸ್ವಯಂಸೇವಕರಿಗೂ ಅದು ತನ್ನದೆಂದ ಉದ್ಯಮಿಗೂ ನಡೆದ ಈ ಜಗಳವನ್ನು ಆಗ ಜಾಸ್ತಿ ಜನ ‘ಒಳ್ಳೆಯ ಸ್ವಯಂಸೇವಕರು, ಕೆಟ್ಟ ಧಣಿ’ ಎಂಬ ಕತೆಯಾಗಿ ಹೇಳಿದರು. ಆ ಕತೆ ಪೂರ್ತಿ ಸುಳ್ಳೇನಲ್ಲ. ಆದರೆ ನನಗೆ ಇದರಲ್ಲಿ ಕಾಡುವುದು ಬೇರೆಯೇ ಒಂದು ವಿಷಯ. ಎರಡು ದಶಕ ನಡೆದ ಜಾಲ ಅದು. ಸಾವಿರಾರು ಮುಕ್ತ ತಂತ್ರಾಂಶ ಪ್ರಾಜೆಕ್ಟ್‌ಗಳು ಅಲ್ಲಿ ಬಿಡಾರ ಹೂಡಿದ್ದವು. ‘ಇದು ಯಾರದು’ ಎಂಬ ಪ್ರಶ್ನೆಯನ್ನು ಮಾತ್ರ ಯಾರೂ ಗಟ್ಟಿಯಾಗಿ ಕೇಳಿರಲಿಲ್ಲ. ಕೇಳುವ ಹೊತ್ತಿಗೆ ಉತ್ತರ ಐದಾರು ಕೈಗಳಲ್ಲಿ ಹಂಚಿಹೋಗಿತ್ತು.

ಬೀಗದ ಕೈಗಳು

ಮೊದಲು ಈ ಜಾಲಗಳ ಒಳಗಿನ ಕಟ್ಟಡ ನೋಡಬೇಕು. ಅದಿಲ್ಲದೆ ಜಗಳ ಅರ್ಥವಾಗುವುದಿಲ್ಲ.

ಫ್ರೀನೋಡ್‌ನಂಥ ಜಾಲಗಳು ಬಳಸುವ ಐಆರ್‌ಸಿ (ಇಂಟರ್ನೆಟ್ ರಿಲೇ ಚಾಟ್) ಹುಟ್ಟಿದ್ದು 1988ರ ಆಗಸ್ಟ್‌ನಲ್ಲಿ, ಫಿನ್‌ಲೆಂಡ್‌ನ ಔಲು ವಿಶ್ವವಿದ್ಯಾಲಯದಲ್ಲಿ. ಬರೆದವರು ಯಾರ್ಕೊ ಒಯ್ಕರಿನೆನ್. ಇದರ ಜಾಣತನ ಇರುವುದು ಹಂಚಿಕೆಯಲ್ಲಿ. ಒಂದು ಜಾಲ ಅಂದರೆ ಒಂದೇ ಕಂಪ್ಯೂಟರ್ ಅಲ್ಲ, ಹಲವು ಸರ್ವರ್‌ಗಳ ಸರಪಣಿ. ನೀವು ಒಂದು ಸರ್ವರ್‌ಗೆ ಹೋಗುತ್ತೀರಿ, ನಾನು ಇನ್ನೊಂದಕ್ಕೆ. ಇಬ್ಬರೂ ಒಂದೇ ಚಾನೆಲ್‌ನಲ್ಲಿ ಮಾತಾಡುತ್ತೇವೆ. ಒಂದು ಸರ್ವರ್ ಯಾವುದೋ ವಿಶ್ವವಿದ್ಯಾಲಯದ್ದು, ಇನ್ನೊಂದು ಯಾವುದೋ ಹೋಸ್ಟಿಂಗ್ ಕಂಪನಿ ಪುಕ್ಕಟೆ ಕೊಟ್ಟದ್ದು.

ಈ ಸರ್ವರ್‌ಗಳು ಮರದ ಕೊಂಬೆಗಳ ಹಾಗೆ ಜೋಡಣೆಯಾಗಿರುತ್ತವೆ. ಯಾವುದೇ ಎರಡು ಸರ್ವರ್‌ಗಳ ನಡುವೆ ಇರುವುದು ಒಂದೇ ದಾರಿ. ಕೊಂಬೆ ಮುರಿದರೆ ಜಾಲ ಎರಡಾಗುತ್ತದೆ. ಇದಕ್ಕೆ ನೆಟ್‌ಸ್ಪ್ಲಿಟ್ ಎನ್ನುತ್ತಾರೆ. ಆ ಹೊತ್ತಿನಲ್ಲಿ ಒಂದು ಅರ್ಧದವರಿಗೆ ಇನ್ನೊಂದು ಅರ್ಧದವರೆಲ್ಲ ಎದ್ದು ಹೋದಂತೆ ಕಾಣುತ್ತದೆ. ಅವರಿಗೂ ಹಾಗೇ. ತಾವೇ ಹೊರಗಾದೆವೆಂದು ಯಾರಿಗೂ ಅನ್ನಿಸುವುದಿಲ್ಲ. ನನ್ನ ಮಟ್ಟಿಗೆ ಐಆರ್‌ಸಿಯ ಎಲ್ಲ ಜಗಳಗಳಿಗೂ ಇದಕ್ಕಿಂತ ಒಳ್ಳೆಯ ಚಿತ್ರ ಇಲ್ಲ.

ಅಧಿಕಾರವೂ ಹೀಗೇ ಹಂಚಿಹೋಗಿರುತ್ತದೆ. ಚಾನೆಲ್ ಮಟ್ಟದಲ್ಲಿ ಆಪ್‌ಗಳು, ಅಂದರೆ ಚಾನೆಲ್ ನಡೆಸುವ ಆಪರೇಟರ್‌ಗಳು. ಅವರು ಕಿರಿಕಿರಿ ಮಾಡುವವರನ್ನು ಕಿಕ್ ಮಾಡಬಹುದು, ಬ್ಯಾನ್ ಹಾಕಬಹುದು. ಅವರ ಮೇಲೆ ಜಾಲದ ಸಿಬ್ಬಂದಿ. ಅವರು ಕೆ-ಲೈನ್ ಹಾಕಿ ಒಬ್ಬನನ್ನು ಜಾಲದಿಂದಲೇ ಹೊರಗಿಡಬಹುದು. ಸರ್ವರ್‌ನ ಯಜಮಾನನ ಕೈಯಲ್ಲಿ ಇನ್ನೂ ಮೊಂಡಾದ ಆಯುಧ ಇದೆ. ಅವನು ತನ್ನ ಯಂತ್ರದ ಕೊಂಡಿಯನ್ನೇ ಕಿತ್ತುಬಿಡಬಹುದು.

ಇವೆಲ್ಲ ಕಣ್ಣಿಗೆ ಕಾಣುವ ಅಧಿಕಾರಗಳು. ಸದ್ದಿಲ್ಲದೆ ಕೂತಿರುವ ಎರಡು ಬೇರೆ ಇವೆ. ಒಂದು ‘ಸರ್ವಿಸಸ್’. ನಿಕ್‌ಸರ್ವ್, ಚಾನ್‌ಸರ್ವ್ ಎಂಬ ಹೆಸರಲ್ಲಿ ಕೆಲಸ ಮಾಡುವ ಈ ಬಾಟ್‌ಗಳು (ತಾವಾಗಿಯೇ ನಡೆಯುವ ಪ್ರೋಗ್ರಾಮ್‌ಗಳು) ಯಾವ ಅಡ್ಡಹೆಸರು ಯಾರದು, ಯಾವ ಚಾನೆಲ್‌ನ ಸ್ಥಾಪಕರು ಯಾರು ಎಂಬ ಲೆಕ್ಕ ಇಡುತ್ತವೆ. ಅದೊಂದು ಡೇಟಾಬೇಸ್. ಜಾಲದ ಪಹಣಿ ಪುಸ್ತಕ ಅನ್ನಬಹುದು. ಆ ಪುಸ್ತಕ ತಿದ್ದಬಲ್ಲವನು ಯಾವ ಚಾನೆಲನ್ನು ಬೇಕಾದರೂ ಯಾರ ಹೆಸರಿಗೆ ಬೇಕಾದರೂ ಬರೆಯಬಲ್ಲ.

ಎರಡನೆಯದು ಡೊಮೈನ್ ಹೆಸರು. ಬಳಕೆದಾರ ತನ್ನ ಪ್ರೋಗ್ರಾಮ್‌ನಲ್ಲಿ ಬರೆದುಕೊಂಡಿರುವುದು ಒಂದೇ ವಿಳಾಸ. ಆ ವಿಳಾಸ ಹತ್ತಾರು ಸರ್ವರ್‌ಗಳ ಕಡೆಗೆ ಸರದಿಯ ಮೇಲೆ ಕೈ ತೋರುತ್ತಿರುತ್ತದೆ. ಪಟ್ಟಿಯಿಂದ ಒಂದು ಸರ್ವರ್ ತೆಗೆದರೆ ಅದಕ್ಕೆ ಹೊಸಬರು ಬರುವುದೇ ನಿಲ್ಲುತ್ತದೆ. ಪಟ್ಟಿಯನ್ನೇ ಬದಲಿಸಿದರೆ ನಾಳೆ ಬೆಳಿಗ್ಗೆ ಬಳಕೆದಾರರೆಲ್ಲ ಬೇರೆಯದೇ ಜಾಲದಲ್ಲಿ ಕಣ್ಣು ಬಿಡುತ್ತಾರೆ. ಈ ಸಾಧ್ಯತೆ ನೆನಪಿರಲಿ, ಮುಂದೆ ಬೇಕಾಗುತ್ತದೆ.

ಹಳೆಯ ಜಗಳಗಳು

ಐಆರ್‌ಸಿಯವರಿಗೆ ಒಡೆದು ಬೇರೆಯಾಗುವುದು ಹೊಸದಲ್ಲ. 1990ರಲ್ಲೇ ಮೊದಲ ದೊಡ್ಡ ಜಗಳ ಆಯಿತು. ಬರ್ಕ್ಲಿಯಲ್ಲಿದ್ದ ‘ಎರಿಸ್’ ಎಂಬ ಸರ್ವರ್ ಯಾರು ಬೇಕಾದರೂ ಬಂದು ಕೊಂಡಿ ಹಾಕಿಕೊಳ್ಳಲಿ ಎಂದು ಬಾಗಿಲು ತೆರೆದಿಟ್ಟಿತ್ತು. ಪಾಸ್‌ವರ್ಡ್ ಕೂಡ ಇಲ್ಲ. ಅದರಿಂದ ಬಂದ ಗಲಾಟೆ ತಾಳದೆ ಉಳಿದವರು ಅದನ್ನು ದೂರ ಇಟ್ಟರು. ಎರಿಸ್ ಇಲ್ಲದ ಜಾಲಕ್ಕೆ ‘ಎರಿಸ್-ಫ್ರೀ ನೆಟ್‌ವರ್ಕ್’, ಅಂದರೆ ಇಎಫ್‌ನೆಟ್ ಎಂದು ಹೆಸರಾಯಿತು. ಎರಿಸ್ ಇದ್ದ ಕಡೆ ಸ್ವಲ್ಪ ದಿನದಲ್ಲೇ ಬಡವಾಗಿ ಮುಗಿದುಹೋಯಿತು.

1996ರ ಜುಲೈನಲ್ಲಿ ಇಎಫ್‌ನೆಟ್ ತಾನೇ ಒಡೆಯಿತು. ಈ ಜಗಳದ ಮೂಲ ಸ್ವಾರಸ್ಯವಾಗಿದೆ. ನೆಟ್‌ಸ್ಪ್ಲಿಟ್ ಆದಾಗ ಕೆಲವರು ಒಂದು ಆಟ ಆಡುತ್ತಿದ್ದರು. ಒಂದು ಚಾನೆಲ್‌ನ ಜನರೆಲ್ಲ ಜಾಲದ ಒಂದು ಅರ್ಧದಲ್ಲಿ ಉಳಿದಾಗ, ಇನ್ನೊಂದು ಅರ್ಧದಲ್ಲಿ ಆ ಚಾನೆಲ್ ಖಾಲಿ. ಖಾಲಿ ಚಾನೆಲ್‌ಗೆ ಮೊದಲು ಕಾಲಿಟ್ಟವನೇ ಆಪ್. ಕೊಂಡಿ ಮತ್ತೆ ಕೂಡಿಕೊಂಡಾಗ ಅವನು ಆಪ್ ಆಗಿಯೇ ಒಳಗೆ ಬಂದು ಹಳಬರನ್ನೆಲ್ಲ ಕಿಕ್ ಮಾಡಿ ಹಾಕುತ್ತಿದ್ದ. ಇದನ್ನು ತಡೆಯಲು ಎರಡು ಮದ್ದುಗಳಿದ್ದವು. ಒಂದು, ಸಮಯದ ಮುದ್ರೆ. ಯಾವ ಕಡೆಯ ಚಾನೆಲ್ ಹಳೆಯದೋ ಅದರ ಆಪ್‌ಗಳು ಮಾತ್ರ ಉಳಿಯಬೇಕು. ಇನ್ನೊಂದು, ಕಾಯಿಸುವುದು. ಸ್ಪ್ಲಿಟ್ ಆದ ಮೇಲೆ ಆ ಹೆಸರುಗಳು ಸ್ವಲ್ಪ ಹೊತ್ತು ಯಾರಿಗೂ ಸಿಗಬಾರದು. ಅಮೆರಿಕದ ಕಡೆಯವರು ಮೊದಲನೆಯದನ್ನು ಹಿಡಿದರು, ಯುರೋಪಿನ ಕಡೆಯವರು ಎರಡನೆಯದನ್ನು. ಜೊತೆಗೆ, ಸಿಬ್ಬಂದಿಗೆ ಎಷ್ಟು ಅಧಿಕಾರ ಇರಬೇಕು ಎಂಬ ತಕರಾರೂ ಇತ್ತು. ಕೊನೆಗೆ ಯುರೋಪಿನವರು ಬೇರೆಯಾಗಿ ಐಆರ್‌ಸಿನೆಟ್ ಆದರು.

ಇಲ್ಲಿ ಗಮನಿಸಬೇಕಾದ್ದು ಒಂದಿದೆ. 1996ರಲ್ಲಿ ‘ಇಎಫ್‌ನೆಟ್ ನನ್ನದು, ಕಾಗದ ಇಲ್ಲಿದೆ’ ಎಂದು ಯಾರೂ ಎದ್ದು ನಿಲ್ಲಲಿಲ್ಲ. ನಿಲ್ಲುವಂತೆಯೂ ಇರಲಿಲ್ಲ. ಪ್ರತಿ ಸರ್ವರ್‌ಗೂ ಅದರದೇ ಯಜಮಾನ, ಅದರದೇ ವಿಳಾಸ. ಕೊಂಡಿ ಕಿತ್ತರು, ಹೋದರು. ಜಗಳ ಕೊಳಕಾಗಿತ್ತು, ಆದರೆ ಯಾರೂ ಬೀದಿಗೆ ಬೀಳಲಿಲ್ಲ. ಎರಡೂ ಜಾಲಗಳು ಇವತ್ತಿಗೂ ಇವೆ.

ಫ್ರೀನೋಡ್ ಕಟ್ಟಿದ್ದು ಬೇರೆ ರೀತಿಯಲ್ಲಿ.

ಒಬ್ಬ ಸ್ಥಾಪಕ, ಒಂದು ಹೆಸರು

ಅದು ಮೊದಲಿಗೆ ಲಿನಕ್ಸ್ ಎಂಬ ಮುಕ್ತ ಆಪರೇಟಿಂಗ್ ಸಿಸ್ಟಂ ಕಲಿಯುವವರಿಗೆ ಸಹಾಯ ಮಾಡುವ ಒಂದು ಚಾನೆಲ್ ಆಗಿತ್ತು. ಆಮೇಲೆ ಸ್ವಂತ ಜಾಲವಾಗಿ, ‘ಓಪನ್ ಪ್ರಾಜೆಕ್ಟ್ಸ್ ನೆಟ್‌ವರ್ಕ್’ ಎಂದು ಕರೆಸಿಕೊಂಡು, 2002ರಲ್ಲಿ ಫ್ರೀನೋಡ್ ಆಯಿತು. ಇದನ್ನು ಬೆಳೆಸಿದವರು ರಾಬ್ ಲೆವಿನ್. ಜಾಲದಲ್ಲಿ ಅವರ ಹೆಸರು ‘ಲಿಲೋ’. ಹಣಕಾಸಿಗೆ ಪಿಡಿಪಿಸಿ ಎಂಬ ಲಾಭರಹಿತ ಸಂಸ್ಥೆಯನ್ನೂ ಕಟ್ಟಿದರು. ಅವರ ರೀತಿನೀತಿಗೆ ಬೇಸತ್ತವರೂ ಇದ್ದರು. 2001ರ ಕೊನೆಯಲ್ಲೇ ಒಂದು ಗುಂಪು ಹೊರಗೆ ಬಂದು ಒಎಫ್‌ಟಿಸಿ ಎಂಬ ಬೇರೆ ಜಾಲ ಕಟ್ಟಿತು. ಆ ಜಾಲದ ವಿಷಯಕ್ಕೆ ಮತ್ತೆ ಬರುತ್ತೇನೆ.

ಫ್ರೀನೋಡ್‌ನಲ್ಲಿ ಒಂದು ಚೆಂದದ ನಿಯಮ ಇತ್ತು. ಚಾನೆಲ್ ಹೆಸರಿನ ಮುಂದೆ ಒಂದೇ ಹ್ಯಾಶ್ ಗುರುತು ಇದ್ದರೆ ಅದು ಆ ಪ್ರಾಜೆಕ್ಟ್‌ನವರದೇ ಚಾನೆಲ್. ಎರಡು ಹ್ಯಾಶ್ ಇದ್ದರೆ ಅದು ಆ ವಿಷಯದ ಬಗ್ಗೆ ಮಾತಾಡುವವರ ಕಟ್ಟೆ. ಯಾರು ಬೇಕಾದರೂ ಶುರು ಮಾಡಬಹುದು. ಹೆಸರಿನ ಮೇಲೆ ಪ್ರಾಜೆಕ್ಟ್‌ಗೆ ಹಕ್ಕಿದೆ, ಮಾತಿನ ಮೇಲೆ ಎಲ್ಲರಿಗೂ ಹಕ್ಕಿದೆ ಎಂಬ ಸರಳ ತಿಳುವಳಿಕೆ. ಸಾವಿರಾರು ಪ್ರಾಜೆಕ್ಟ್‌ಗಳು ಇಲ್ಲಿ ನೆಮ್ಮದಿಯಾಗಿದ್ದದ್ದಕ್ಕೆ ಇದೂ ಒಂದು ಕಾರಣ. ಚಾನೆಲ್ ಮಟ್ಟದಲ್ಲಿ ‘ಯಾರದು’ ಎಂಬ ಪ್ರಶ್ನೆಗೆ ಇಷ್ಟು ಚೊಕ್ಕ ಉತ್ತರ ಕೊಟ್ಟವರು ಜಾಲದ ಮಟ್ಟದಲ್ಲಿ ಅದೇ ಪ್ರಶ್ನೆಯನ್ನು ಬಿಟ್ಟೇಬಿಟ್ಟರು.

2006ರ ಸೆಪ್ಟೆಂಬರ್‌ನಲ್ಲಿ ಲೆವಿನ್ ಸೈಕಲ್‌ನಲ್ಲಿ ಹೋಗುವಾಗ ಕಾರು ಬಡಿದು, ಕೆಲವೇ ದಿನಗಳಲ್ಲಿ ತೀರಿಕೊಂಡರು. ಸ್ವಯಂಸೇವಕರು ಜಾಲವನ್ನು ನಡೆಸಿಕೊಂಡು ಹೋದರು. 2013ರಲ್ಲಿ ಪಿಡಿಪಿಸಿಯನ್ನು ಮುಚ್ಚಲಾಯಿತು. ಆಗ ಯಾರಿಗೂ ಅದು ದೊಡ್ಡ ಸುದ್ದಿ ಅನ್ನಿಸಲಿಲ್ಲ. ಸರ್ವರ್‌ಗಳು ಹೇಗೂ ದಾನವಾಗಿ ಬಂದವು, ಕೆಲಸ ಮಾಡುವವರಿಗೆ ಸಂಬಳ ಇಲ್ಲ, ಖರ್ಚೂ ಇಲ್ಲ. ಸಂಸ್ಥೆ ಯಾಕೆ ಬೇಕು? ಒಂದು ಸಂಸ್ಥೆ ಹಣ ಇಟ್ಟುಕೊಳ್ಳಲು ಮಾತ್ರ ಇರುವುದಿಲ್ಲ, ಹೆಸರು ಇಟ್ಟುಕೊಳ್ಳಲೂ ಇರುತ್ತದೆ ಅಲ್ವಾ? ಆ ಮಾತು ಹೊಳೆದದ್ದು ತಡವಾಗಿ.

2017ರ ಕಾಗದ

2017ರಲ್ಲಿ ಫ್ರೀನೋಡ್‌ಗೆ ಒಬ್ಬ ಪೋಷಕರು ಸಿಕ್ಕರು. ಪ್ರೈವೇಟ್ ಇಂಟರ್ನೆಟ್ ಆಕ್ಸೆಸ್ ಎಂಬ ವಿಪಿಎನ್ ಕಂಪನಿಯ ಸ್ಥಾಪಕ ಆಂಡ್ರ್ಯೂ ಲೀ. ಐಆರ್‌ಸಿ ಮೇಲೆ ಅವರಿಗೆ ಇದ್ದ ಪ್ರೀತಿಯನ್ನು ನಾನು ಅನುಮಾನಿಸುವುದಿಲ್ಲ. ಅದೇ ಸಮಯಕ್ಕೆ ಬ್ರಿಟನ್‌ನಲ್ಲಿ ‘ಫ್ರೀನೋಡ್ ಲಿಮಿಟೆಡ್’ ಎಂಬ ಕಂಪನಿ ಹುಟ್ಟಿತು. ಜಾಲದ ಹೆಸರಲ್ಲಿ ಬ್ರಿಸ್ಟಲ್‌ನಲ್ಲಿ ಸಮ್ಮೇಳನಗಳೂ ನಡೆದವು.

ಈ ಕಂಪನಿ ಏನು ಅನ್ನುವುದೇ ಮುಂದಿನ ಜಗಳದ ಬೇರು. ಸಿಬ್ಬಂದಿ ಹೇಳುವುದು ಹೀಗೆ: ಕಂಪನಿ ಇರುವುದು ಸಮ್ಮೇಳನದ ಲೆಕ್ಕಪತ್ರಕ್ಕೆ, ಜಾಲದ ದಿನನಿತ್ಯದ ಆಡಳಿತಕ್ಕೆ ಅದು ಕೈ ಹಾಕುವುದಿಲ್ಲ ಎಂದು ಆಗಿನ ಮುಖ್ಯಸ್ಥೆ ನಮಗೆ ತಿಳಿಸಿದ್ದರು. ಲೀ ಹೇಳುವುದು ಹೀಗೆ: ಫ್ರೀನೋಡ್ ಕಂಪನಿಯ ಆಸ್ತಿ, ಅದನ್ನು ಕಾಗದದ ಮೂಲಕವೇ ಪಡೆದಿದ್ದೇನೆ, ದೊಡ್ಡ ಮೊತ್ತವನ್ನೂ ಹಾಕಿದ್ದೇನೆ.

ಇಬ್ಬರೂ ತಮ್ಮ ತಮ್ಮ ಲೆಕ್ಕದಲ್ಲಿ ಪ್ರಾಮಾಣಿಕವಾಗಿದ್ದಿರಬಹುದು. ಕಂಪನಿಯ ಮನುಷ್ಯನಿಗೆ ಆಸ್ತಿ ಅಂದರೆ ಸಹಿ ಮಾಡಿದ ಪತ್ರ. ಸ್ವಯಂಸೇವಕನಿಗೆ ಜಾಲ ಅಂದರೆ ಬೆಳಗಿನ ಜಾವ ಸ್ಪ್ಯಾಮ್ ದಾಳಿ ಬಂದಾಗ ಎದ್ದು ಕೂತು ನೂರಾರು ಬಾಟ್‌ಗಳನ್ನು ಓಡಿಸಿದ್ದು. ಒಂದು ಕಡೆ ಕಾಗದ, ಇನ್ನೊಂದು ಕಡೆ ದುಡಿಮೆ. ಆದರೂ ಸಿಬ್ಬಂದಿಯ ಮೇಲೆ ಒಂದು ತಪ್ಪು ಹೊರಿಸಲೇಬೇಕು. ನಾಲ್ಕು ವರ್ಷ ಅವರಲ್ಲಿ ಯಾರೂ ಆ ಪತ್ರವನ್ನು ಮೇಜಿನ ಮೇಲೆ ಇಡಿ ಎಂದು ಪಟ್ಟು ಹಿಡಿಯಲಿಲ್ಲ. ನಂಬಿಕೆ ಇತ್ತು, ಸರಿ. ಆದರೆ ಹತ್ತಾರು ಸಾವಿರ ಜನರ ಪಾಸ್‌ವರ್ಡ್ ಇಟ್ಟುಕೊಂಡವರು ‘ಸುಮ್ನೆ ನಂಬಿದ್ವಿ’ ಅಂದರೆ ಸಾಲದು.

2021ರ ಮೊದಲ ತಿಂಗಳುಗಳಲ್ಲಿ ಫ್ರೀನೋಡ್‌ನ ವೆಬ್‌ಸೈಟ್‌ನಲ್ಲಿ ಲೀಗೆ ಸಂಬಂಧಿಸಿದ ಶೆಲ್ಸ್ ಎಂಬ ಕಂಪನಿಯ ಲೋಗೊ ಕಾಣಿಸಿಕೊಂಡಿತು. ಇದನ್ನು ಯಾರು ಹಾಕಿದ್ದು, ಯಾಕೆ, ಯಾರನ್ನು ಕೇಳಿ? ಸಿಬ್ಬಂದಿ ಒಳಗೊಳಗೇ ಕೇಳತೊಡಗಿದರು. ಮಾರ್ಚ್‌ನಲ್ಲಿ ಮುಖ್ಯಸ್ಥೆ ರಾಜೀನಾಮೆ ಕೊಟ್ಟರು. ಸಿಬ್ಬಂದಿ ತಮ್ಮಲ್ಲೇ ಮತ ಹಾಕಿ ಹೊಸ ಮುಖ್ಯಸ್ಥರನ್ನು ಆರಿಸಿದರು. ಲೀ ಕಡೆಯವರಿಗೆ ಅದು ತಮ್ಮ ಆಸ್ತಿಯೊಳಗೆ ಯಾರೋ ನಡೆಸಿದ ಚುನಾವಣೆಯಂತೆ ಕಂಡಿತು. ಅಲ್ಲಿಂದ ಮಾತು ವಕೀಲರ ಕಡೆಗೆ ತಿರುಗಿತು. ಡೊಮೈನ್, ಸರ್ವರ್‌ಗಳ ಪ್ರವೇಶ ಎಲ್ಲವನ್ನೂ ಒಪ್ಪಿಸಬೇಕೆಂದು ಒತ್ತಡ ಬಂತು ಎಂದು ಸಿಬ್ಬಂದಿ ಆಮೇಲೆ ಬರೆದರು.

ಹಗಲು ಬೇರೆ ಕೆಲಸ ಮಾಡಿ, ರಾತ್ರಿ ಪುಕ್ಕಟೆ ಜಾಲ ನೋಡಿಕೊಳ್ಳುವವರು ಅವರು. ಒಂದು ಚಾಟ್ ಜಾಲಕ್ಕಾಗಿ ಸ್ವಂತ ಜೇಬಿನಿಂದ ಕೋರ್ಟು ಕಚೇರಿ ಅಲೆಯಲು ಯಾರು ತಯಾರಿರುತ್ತಾರೆ?

ಒಂದು ವಾರದ ಕತೆ

ಮೇ 19ರಂದು ಸಿಬ್ಬಂದಿ ಸಾಮೂಹಿಕವಾಗಿ ರಾಜೀನಾಮೆ ಕೊಟ್ಟರು. ಒಬ್ಬೊಬ್ಬರೂ ತಮ್ಮದೇ ಪತ್ರ ಬರೆದರು. ಬಳಕೆದಾರರ ಮಾಹಿತಿ ಇನ್ನು ನಮ್ಮ ಸುಪರ್ದಿಯಲ್ಲಿ ಇರುವುದಿಲ್ಲ, ಎಚ್ಚರ ಎಂಬ ಮಾತು ಹಲವು ಪತ್ರಗಳಲ್ಲಿತ್ತು. ಅದೇ ದಿನ ‘ಲಿಬೆರಾ ಚಾಟ್’ ಎಂಬ ಹೊಸ ಜಾಲದ ಬಾಗಿಲು ತೆರೆಯಿತು. ಹಳೆಯ ಸಿಬ್ಬಂದಿ, ಪರಿಚಯದ ನಿಯಮಗಳು, ಹೊಸ ವಿಳಾಸ.

ಮುಂದಿನ ವಾರ ಏನೇನಾಯಿತು ಅನ್ನುವುದಕ್ಕಿಂತ ಯಾವ ಬೀಗದ ಕೈ ಯಾರ ಬಳಿ ಉಳಿಯಿತು ಅನ್ನುವುದನ್ನು ನೋಡೋಣ. ಡೊಮೈನ್ ಹೆಸರು ಲೀ ಕೈಗೆ ಹೋಯಿತು. ಸರ್ವಿಸಸ್ ಡೇಟಾಬೇಸೂ ಅಲ್ಲೇ ಉಳಿಯಿತು. ಸರ್ವರ್‌ಗಳಲ್ಲಿ ಹಲವು ದಾನಿಗಳವು. ಅವರಲ್ಲಿ ಕೆಲವರು ಕೊಂಡಿ ಕಿತ್ತುಕೊಂಡು ಹೊಸ ಜಾಲದ ಕಡೆ ಹೋದರು. ಜಾಲ ನಡೆಸುವ ಅನುಭವ ಪೂರ್ತಿಯಾಗಿ ಲಿಬೆರಾ ಕಡೆ ನಡೆಯಿತು. ಬಾಕಿ ಉಳಿದದ್ದು ಬಳಕೆದಾರರು.

ಬಳಕೆದಾರರಿಗೆ ಸೋಮಾರಿತನ ಇರುತ್ತದೆ. ತಪ್ಪಲ್ಲ, ನನಗೂ ಇದೆ. ಹಳೆಯ ವಿಳಾಸ ಪ್ರೋಗ್ರಾಮ್‌ನಲ್ಲಿ ಕೂತಿದೆ, ಚಾನೆಲ್ ತೆರೆದುಕೊಳ್ಳುತ್ತದೆ, ಗೆಳೆಯರು ಇದ್ದಾರೆ. ಮೇಲಿನವರ ಜಗಳ ನನಗ್ಯಾಕೆ? ಮೇ 19ರಿಂದ 25ರವರೆಗೆ ಜಾಸ್ತಿ ಜನ ಹೀಗೇ ಯೋಚಿಸುತ್ತಿದ್ದರು. ಹಲವು ಪ್ರಾಜೆಕ್ಟ್‌ಗಳು ಸಭೆ ಸೇರಿ ನಿಧಾನವಾಗಿ ಚರ್ಚಿಸುತ್ತಿದ್ದವು. ಜೆಂಟೂ ಲಿನಕ್ಸ್‌ನವರು ಲಿಬೆರಾಕ್ಕೆ ಹೋಗುವುದೆಂದು ತೀರ್ಮಾನಿಸಿದ್ದರೂ ಹಳೆಯ ಚಾನೆಲ್‌ಗಳನ್ನು ಮೆಲ್ಲಗೆ, ಹಂತಹಂತವಾಗಿ ಮುಚ್ಚುವ ಯೋಚನೆಯಲ್ಲಿದ್ದರು. ಲೀ ಇನ್ನೊಂದೆರಡು ತಿಂಗಳು ಏನೂ ಮಾಡದೆ ಕೂತಿದ್ದರೆ ಅರ್ಧಕ್ಕರ್ಧ ಜನ ಉಳಿಯುತ್ತಿದ್ದರು ಎಂದು ನನ್ನ ಅಂದಾಜು. 1996ರ ಒಡಕಿನಲ್ಲೂ ಎರಡೂ ಕಡೆ ಜನ ಉಳಿದಿದ್ದರು.

ಅಷ್ಟರಲ್ಲಿ ಮೇ 26 ಬಂತು.

ಫ್ರೀನೋಡ್‌ನ ಹೊಸ ಆಡಳಿತದ ಖಾತೆಯೊಂದು ಚಾನೆಲ್‌ನಿಂದ ಚಾನೆಲ್‌ಗೆ ನುಗ್ಗಿತು. ಟಾಪಿಕ್ ನಿಯಮ ಮೀರಿದೆ, ಈ ಚಾನೆಲ್ ಎರಡು ಹ್ಯಾಶ್‌ನ ಚಾನೆಲ್‌ಗೆ ವರ್ಗವಾಗಿದೆ ಎಂಬ ಸಾಲು ಬಿತ್ತು. ಬಾಗಿಲು ಮುಚ್ಚಿತು. ಈ ಎರಡು ಹ್ಯಾಶ್ ಅನ್ನುವುದನ್ನು ಗಮನಿಸಿ. ಪ್ರಾಜೆಕ್ಟ್‌ನ ಅಧಿಕೃತ ಚಾನೆಲ್ ರಾತ್ರೋರಾತ್ರಿ ‘ಆ ವಿಷಯದ ಬಗ್ಗೆ ಮಾತಾಡುವವರ ಕಟ್ಟೆ’ ಆಗಿಬಿಟ್ಟಿತು. ಜಾಲ ಅಷ್ಟು ವರ್ಷ ಕೊಟ್ಟಿದ್ದ ಮಾತನ್ನು ಅದರದೇ ವ್ಯಾಕರಣ ಬಳಸಿ ಮುರಿದರು.

ಆಡಳಿತದ ಕಡೆಯ ವಾದವನ್ನೂ ಹೇಳಬೇಕು. ಒಂದು ಜಾಲದ ಒಳಗೆ ಕೂತು ಇನ್ನೊಂದು ಜಾಲಕ್ಕೆ ಜನ ಕರೆಯುವುದು ಸರಿಯಲ್ಲ. ಖಾಲಿ ಚಾನೆಲ್‌ಗೆ ಬೀಗ ಹಾಕಿ ಹೋದರೆ ಇಲ್ಲೇ ಉಳಿಯಬೇಕೆಂದಿರುವವರು ಎಲ್ಲಿಗೆ ಹೋಗಬೇಕು? ಈ ಎರಡನೆಯ ಮಾತಿನಲ್ಲಿ ಹುರುಳಿದೆ. ಆಪ್‌ಗಳು ಹೋದ ಮಾತ್ರಕ್ಕೆ ಚಾನೆಲ್ ಸತ್ತಿರಬೇಕೆಂದಿಲ್ಲ. ಮಾತಾಡುವವರು ಸಾವಿರ, ಆಪ್‌ಗಳು ಹತ್ತು. ಹತ್ತು ಜನ ತೀರ್ಮಾನಿಸಿದರೆ ಸಾವಿರ ಜನ ಎದ್ದು ನಡೆಯಬೇಕೇ? ಪ್ರಶ್ನೆ ನ್ಯಾಯವಾದದ್ದು. ಆದರೆ ಅದನ್ನು ಕೇಳಲು ಒಂದು ರೀತಿ ಇದೆ. ಚಾನೆಲ್ ನಡೆಸುವವರಿಗೆ ತಿಳಿಸಬಹುದಿತ್ತು, ಒಂದು ವಾರ ಕಾಲ ಕೊಡಬಹುದಿತ್ತು. ಟಾಪಿಕ್‌ನಲ್ಲಿ ಒಂದು ಹೆಸರು ಹುಡುಕಿ, ಸಿಕ್ಕಲ್ಲೆಲ್ಲ ಬೀಗ ಜಡಿಯುವುದು ಮಾಡರೇಷನ್ ಅನ್ನಿಸಿಕೊಳ್ಳುವುದಿಲ್ಲ. ಹುಡುಕುವ ಪ್ರೋಗ್ರಾಮ್‌ಗೆ ‘ಲಿಬೆರಾಕ್ಕೆ ಬನ್ನಿ’ ಅನ್ನುವುದೂ ಒಂದೇ, ‘ಲಿಬೆರಾದಲ್ಲೂ ಇದ್ದೇವೆ, ಇಲ್ಲೂ ಇದ್ದೇವೆ’ ಅನ್ನುವುದೂ ಒಂದೇ.

ಪರಿಣಾಮ ಏನಾಯಿತೆಂದರೆ, ತೀರ್ಮಾನ ಮಾಡದೆ ಕೂತಿದ್ದವರಿಗೆ ತೀರ್ಮಾನ ಮಾಡಿಕೊಟ್ಟಂತಾಯಿತು. ಜೆಂಟೂದವರ ‘ಮೆಲ್ಲಗೆ’ ಅನ್ನುವ ಯೋಜನೆ ಆ ದಿನವೇ ಮುಗಿಯಿತು. ಉಬುಂಟು, ವಿಕಿಮೀಡಿಯ, ಪೈಥಾನ್, ಆರ್ಚ್, ಫೆಡೋರಾ, ಕೆಡಿಇ ಎಲ್ಲರೂ ಲಿಬೆರಾಕ್ಕೆ ಹೋದರು. ಫ್ರೀ ಸಾಫ್ಟ್‌ವೇರ್ ಫೌಂಡೇಶನ್ ಮತ್ತು ಗ್ನು ಜೂನ್‌ನಲ್ಲಿ ಹೋದವು. ಆಲ್ಪೈನ್ ಲಿನಕ್ಸ್ ಒಎಫ್‌ಟಿಸಿ ಕಡೆ ಹೋಯಿತು.

ಜೂನ್ ಮಧ್ಯದಲ್ಲಿ ಕೊನೆಯ ಅಂಕ. ಫ್ರೀನೋಡ್ ತನ್ನ ಸರ್ವರ್ ತಂತ್ರಾಂಶವನ್ನೇ ಬದಲಿಸಿ ಹೊಸ ಜಾಲವಾಗಿ ಶುರುವಾಯಿತು. ಹಳೆಯ ಅಡ್ಡಹೆಸರುಗಳು, ಚಾನೆಲ್ ನೋಂದಣಿಗಳು ಯಾವುವೂ ಹೊಸದಕ್ಕೆ ಬರಲಿಲ್ಲ. ವಿಳಾಸ ಮಾತ್ರ ಅದೇ. ಮೊದಲೇ ಹೇಳಿದೆನಲ್ಲ, ಪಟ್ಟಿ ಬದಲಿಸಿದರೆ ಜನ ಬೇರೆ ಜಾಲದಲ್ಲಿ ಕಣ್ಣು ಬಿಡುತ್ತಾರೆಂದು? ಹಾಗೇ ಆಯಿತು. ನಿಷ್ಠೆಯಿಂದಲೋ ಸೋಮಾರಿತನದಿಂದಲೋ ಫ್ರೀನೋಡ್‌ನಲ್ಲೇ ಉಳಿದವರ ಪಾಲಿಗೂ ಹಳೆಯ ಫ್ರೀನೋಡ್ ಅಂದಿಗೆ ಮುಗಿಯಿತು. ಪಹಣಿ ಪುಸ್ತಕ ಕೈಯಲ್ಲಿದ್ದವರೇ ಅದನ್ನು ಬಿಸಾಡಿದರು. ಯಾಕೆ ಎಂಬುದು ನನಗೆ ಇವತ್ತಿಗೂ ಅರ್ಥವಾಗಿಲ್ಲ.

ದೊಡ್ಡ ಪ್ರಾಜೆಕ್ಟ್‌ಗಳು ಹೇಗೋ ಬದುಕಿದವು. ಪೆಟ್ಟು ಬಿದ್ದದ್ದು ಸಣ್ಣವರಿಗೆ. ಐದಾರು ಜನರ, ವರ್ಷಕ್ಕೆ ನಾಲ್ಕು ಸಲ ಮಾತು ಕೇಳಿಸುವ ಚಾನೆಲ್‌ಗಳಿರುತ್ತವೆ. ಸ್ಥಾಪಕ ಯಾವಾಗಲೋ ಒಮ್ಮೆ ಬರುತ್ತಾನೆ. ಒಂದು ಹಳೆಯ ಪುಸ್ತಿಕೆಯಲ್ಲಿ ‘ಸಹಾಯಕ್ಕೆ ಫ್ರೀನೋಡ್‌ಗೆ ಬನ್ನಿ’ ಎಂಬ ಸಾಲು ಇರುತ್ತದೆ. ಹೊಸಬ ಅಲ್ಲಿಗೆ ಹೋಗಿ ನೋಡಿದರೆ ಯಾರೂ ಇಲ್ಲ. ಇಂಥವು ಎಷ್ಟು ಕಳೆದುಹೋದವೋ, ಎಣಿಸಿದವರಿಲ್ಲ.

ಡೆಬಿಯನ್‌ನವರ ಒಂದು ಸಾಲು

ಇದೇ ಪ್ರಶ್ನೆಗಳನ್ನು ಮೊದಲೇ ಕೇಳಿಕೊಂಡವರು ಇದ್ದರು. ಅವರನ್ನು ನೋಡಿದರೆ ಈ ಪ್ರಕರಣ ಇನ್ನೂ ಚೆನ್ನಾಗಿ ಬಿಡಿಸಿಕೊಳ್ಳುತ್ತದೆ.

ಲಿನಕ್ಸ್‌ನ ಒಂದು ರೂಪ ಕಟ್ಟುವ ಡೆಬಿಯನ್ ಪ್ರಾಜೆಕ್ಟ್ ತನ್ನ ಸ್ವಂತ ಡೊಮೈನ್‌ನ ಕೆಳಗೆ ಐಆರ್‌ಸಿಗೆ ಒಂದು ವಿಳಾಸ ಇಟ್ಟುಕೊಂಡಿತ್ತು. ಬಳಕೆದಾರರಿಗೆ ಹೇಳುತ್ತಿದ್ದದ್ದು ಆ ವಿಳಾಸ. ಅದು ಮೊದಲು ಫ್ರೀನೋಡ್ ಕಡೆ ಕೈ ತೋರುತ್ತಿತ್ತು. 2006ರ ಜೂನ್‌ನಲ್ಲಿ ಅವರು ಒಎಫ್‌ಟಿಸಿಗೆ ಹೋದಾಗ ಆ ವಿಳಾಸವನ್ನು ತಿರುಗಿಸಿದರು. ಡೊಮೈನ್ ಹೆಸರುಗಳ ಪಟ್ಟಿಯಾದ ಡಿಎನ್‌ಎಸ್‌ನಲ್ಲಿ ಒಂದು ಸಾಲಿನ ಬದಲಾವಣೆ. ಪುಸ್ತಿಕೆಗಳನ್ನು ತಿದ್ದಬೇಕಿರಲಿಲ್ಲ, ಬಾಗಿಲಿಗೆ ಚೀಟಿ ಅಂಟಿಸಬೇಕಿರಲಿಲ್ಲ. 2021ರಲ್ಲಿ ಉಳಿದವರೆಲ್ಲ ಒದ್ದಾಡುತ್ತಿದ್ದಾಗ ಅವರು ಆ ಜಾಲದಲ್ಲಿ ಇರಲೇ ಇಲ್ಲ.

ಆ ಒಎಫ್‌ಟಿಸಿಯೂ 2002ರಲ್ಲೇ ಎಸ್‌ಪಿಐ ಎಂಬ ಲಾಭರಹಿತ ಸಂಸ್ಥೆಯ ಆಶ್ರಯಕ್ಕೆ ಸೇರಿಕೊಂಡಿತ್ತು. ಡೆಬಿಯನ್‌ಗೂ ಅದೇ ಸಂಸ್ಥೆಯ ಆಸರೆ. ಜಾಲ ನಡೆಸುವವರು ಬೇರೆ, ಆಸ್ತಿಗೆ ಕಾವಲಿರುವವರು ಬೇರೆ. ಒಎಫ್‌ಟಿಸಿ ಫ್ರೀನೋಡ್‌ನಷ್ಟು ದೊಡ್ಡದಾಗಲಿಲ್ಲ, ಅಷ್ಟು ಹೆಸರೂ ಮಾಡಲಿಲ್ಲ. ನಡೆದುಕೊಂಡು ಹೋಗುತ್ತಿದೆ.

ಲಿಬೆರಾದವರು ಪೆಟ್ಟು ತಿಂದ ಮೇಲೆ ಕಟ್ಟಿದ್ದೂ ಸುಮಾರಾಗಿ ಇದೇ ದಾರಿಯಲ್ಲಿ. ಅದು ಸ್ವೀಡನ್‌ನಲ್ಲಿರುವ ಲಾಭರಹಿತ ಸಂಘ. ಕೆಲಸ ಮಾಡುವ ಸ್ವಯಂಸೇವಕರೇ ಸದಸ್ಯರು. ಬೈಲಾ ಇದೆ, ಸಭೆ ಇದೆ, ಮತ ಇದೆ. ಸರ್ವರ್ ದಾನ ಕೊಟ್ಟವರಿಗೆ ಕೃತಜ್ಞತೆ ಸಿಗುತ್ತದೆ, ಜಾಲದ ಮೇಲೆ ಹಕ್ಕು ಸಿಗುವುದಿಲ್ಲ. ಓದಲು ಬೇಜಾರಾಗುವ ಕಾಗದ ಅದು. ಒಂದು ದಿನ ಕೂತು ಓದಿದೆ. ಸಿಬ್ಬಂದಿಯಷ್ಟೇ ಸದಸ್ಯರು, ಬಳಕೆದಾರರಿಗೆ ಮತ ಇಲ್ಲ ಎಂಬ ತಕರಾರು ನನಗೆ ಈಗಲೂ ಇದೆ. ಸಿಬ್ಬಂದಿಯೆಲ್ಲ ಒಂದೇ ಕಡೆ ವಾಲಿದರೆ ಚಾನೆಲ್ ನಡೆಸುವವನು ಎಲ್ಲಿ ದೂರು ಕೊಡಬೇಕು? ಹತ್ತಾರು ಸಾವಿರ ಅಡ್ಡಹೆಸರುಗಳಿಗೆ ಮತ ಕೊಟ್ಟರೆ ಅದರಲ್ಲಿ ಬಾಟ್‌ಗಳೆಷ್ಟು, ಮನುಷ್ಯರೆಷ್ಟು ಎಂದು ಎಣಿಸುವುದು ಹೇಗೆ ಎಂಬುದು ಅವರ ಕಡೆಯ ಪ್ರಶ್ನೆ. ಇದಕ್ಕೆ ನನ್ನಲ್ಲಿ ಉತ್ತರ ಇಲ್ಲ.

ಹ್ಯಾಶ್ ಗುರುತಿನ ನಿಯಮವನ್ನು ಮಾತ್ರ ಲಿಬೆರಾ ಹಾಗೇ ಇಟ್ಟುಕೊಂಡಿದೆ. ಒಂದು ಹ್ಯಾಶ್ ಪ್ರಾಜೆಕ್ಟ್‌ನವರಿಗೆ, ಎರಡು ಹ್ಯಾಶ್ ಎಲ್ಲರಿಗೂ. ಒಂದು ಹ್ಯಾಶ್‌ನ ಹೆಸರು ಬೇಕೆಂದು ಯಾರಾದರೂ ಬಂದರೆ, ಆ ಪ್ರಾಜೆಕ್ಟ್ ಪರವಾಗಿ ಮಾತಾಡಲು ನಿಮಗೆ ಅಧಿಕಾರ ಇದೆಯೇ ಎಂದು ಸಿಬ್ಬಂದಿ ಮೊದಲು ಕೇಳುತ್ತಾರೆ.